ವೈಫೈ ಕಾರ್ಡು ಕೆಟ್ಟಿಲ್ಲ, ಅದಕ್ಕೊಂದು ಫೈಲ್ ಬೇಕಾಗಿದೆ

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವರು ನನ್ನ ಮನೆಗೆ ಬಂದು ಹೇಳುವ ಮಾತು ಹೆಚ್ಚೂಕಡಿಮೆ ಒಂದೇ: "ಎಲ್ಲಾ ಚೆನ್ನಾಗಿದೆ ಸಾರ್, ವೈಫೈ ಒಂದು ಬರ್ತಿಲ್ಲ." ಪರದೆ ಬರುತ್ತದೆ, ಹಾಡು ಕೇಳಿಸುತ್ತದೆ, ಟಚ್‌ಪ್ಯಾಡ್ ಓಡುತ್ತದೆ, ಕನ್ನಡ ಅಕ್ಷರಗಳೂ ಸರಿಯಾಗಿ ಮೂಡುತ್ತವೆ. ಮೂಲೆಯಲ್ಲಿ ಇರಬೇಕಾದ ವೈಫೈ ಗುರುತು ಮಾತ್ರ ಇಲ್ಲ. ಅಂಗಡಿಗೆ ಒಯ್ದರೆ "ಕಾರ್ಡ್ ಹೋಗಿದೆ, ಡಾಂಗಲ್ ಹಾಕಿಸಿ" ಅನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ನಿಜವಾಗಿ ಕೆಟ್ಟುಹೋದ ವೈಫೈ ಕಾರ್ಡು ಬಹಳ ಅಪರೂಪ. ಸಾಮಾನ್ಯವಾಗಿ ಅದು ಜೀವಂತವಾಗಿಯೇ ಇರುತ್ತದೆ. ಕೆಲಸ ಶುರುಮಾಡಲು ಬೇಕಾದ ಒಂದು ಸಣ್ಣ ಫೈಲ್ ಕೈಗೆ ಸಿಗದೆ ಸುಮ್ಮನೆ ಕೂತಿರುತ್ತದೆ.

ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ಈಗ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು, ಯಾರಾದರೂ ಬೇಡವೆಂದು ಬಿಟ್ಟ ಲ್ಯಾಪ್‌ಟಾಪುಗಳನ್ನು ಸರಿಮಾಡಿ ಪಿಯುಸಿ, ಡಿಪ್ಲೊಮಾ ಓದುವ ಮಕ್ಕಳಿಗೆ ಕೊಡುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಯೋಗ್ಯತೆ ಹಳೆಯ ಯಂತ್ರಗಳಿಗಿಲ್ಲ. ಹಾಗಾಗಿ ಇಂಥ ಲ್ಯಾಪ್‌ಟಾಪುಗಳು ಮೂಲೆ ಸೇರುತ್ತಿವೆ, ಇಲ್ಲವೇ ಲಿನಕ್ಸಿಗೆ ಬರುತ್ತಿವೆ. ಲಿನಕ್ಸಿಗೆ ಬಂದದ್ದು ವೈಫೈ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಮತ್ತೆ ಮೂಲೆ ಸೇರುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಒಬ್ಬ ಹುಡುಗಿಯ ಓದು ಆ ಯಂತ್ರದ ಮೇಲೆ ನಿಂತಿರುತ್ತದೆ.

ಮೊದಲು ಆ ಕಾರ್ಡಿನೊಳಗೆ ಏನಿದೆ ಎಂದು ತಿಳಿಯೋಣ. ಲ್ಯಾಪ್‌ಟಾಪಿನ ತಳದ ಮುಚ್ಚಳ ಬಿಚ್ಚಿದರೆ ಎರಡು ಬೆರಳಗಲದ ಒಂದು ಹಸಿರು ಹಲಗೆ, ಅದಕ್ಕೆ ಸಿಕ್ಕಿಸಿದ ಎರಡು ತೆಳ್ಳನೆಯ ತಂತಿ ಕಾಣುತ್ತವೆ. ಆ ತಂತಿಗಳು ಪರದೆಯ ಅಂಚಿನವರೆಗೂ ಹೋಗುತ್ತವೆ, ಅಲ್ಲಿರುವುದು ಆಂಟೆನಾ. ಹಲಗೆಯ ಮೇಲಿರುವುದು ರೇಡಿಯೋ ಚಿಪ್. ಅದು ಬರೀ ರೇಡಿಯೋ ಅಲ್ಲ, ಅದರೊಳಗೆ ಒಂದು ಪುಟ್ಟ ಪ್ರೊಸೆಸರ್ ಕೂಡ ಇದೆ. ಆ ಪ್ರೊಸೆಸರ್ ಏನು ಮಾಡಬೇಕು ಎಂಬ ಸೂಚನೆಗಳ ಕಟ್ಟಿಗೆ ಫರ್ಮ್‌ವೇರ್ ಎಂದು ಹೆಸರು. ಖರ್ಚು ಉಳಿಸಲು ಬಹುತೇಕ ಕಾರ್ಡುಗಳಲ್ಲಿ ಈ ಸೂಚನೆಗಳನ್ನು ಕಾಯಂ ಆಗಿ ಉಳಿಸಿಕೊಳ್ಳುವ ಜಾಗ ಇಟ್ಟಿರುವುದಿಲ್ಲ. ಕರೆಂಟ್ ಹೋದರೆ ಅದಕ್ಕೆ ಎಲ್ಲವೂ ಮರೆತುಹೋಗುತ್ತದೆ. ಆದ್ದರಿಂದ ಪ್ರತಿ ಸಲ ಲ್ಯಾಪ್‌ಟಾಪ್ ಆನ್ ಆದಾಗ ಲಿನಕ್ಸಿನ ತಿರುಳಾದ ಕರ್ನಲ್‌ನೊಳಗೆ ಕಾರ್ಡನ್ನು ನಡೆಸುವ ಡ್ರೈವರ್, ಹಾರ್ಡ್‌ಡಿಸ್ಕಿನಿಂದ ಫರ್ಮ್‌ವೇರ್ ಫೈಲನ್ನು ಎತ್ತಿ ಕಾರ್ಡಿನ ನೆನಪಿಗೆ ತುಂಬಬೇಕು. ಲಿನಕ್ಸಿನಲ್ಲಿ ಈ ಫೈಲ್‌ಗಳೆಲ್ಲ ಲಿಬ್ ಎಂಬ ಫೋಲ್ಡರಿನೊಳಗಿನ ಫರ್ಮ್‌ವೇರ್ ಎಂಬ ಫೋಲ್ಡರಿನಲ್ಲಿ ಇರುತ್ತವೆ. ಡ್ರೈವರ್ ಇದೆ, ಕಾರ್ಡ್ ಇದೆ, ನಡುವಿನ ಆ ಫೈಲ್ ಇಲ್ಲ ಎಂದಾದರೆ ವೈಫೈ ಗುರುತು ಬರುವುದಿಲ್ಲ.

ಆ ಫೈಲನ್ನು ಲಿನಕ್ಸಿನ ಜೊತೆಗೇ ಯಾಕೆ ಕೊಡಬಾರದು? ಈ ಪ್ರಶ್ನೆಗೆ ತಂತ್ರಜ್ಞಾನದಲ್ಲಿ ಉತ್ತರವಿಲ್ಲ, ಲೈಸೆನ್ಸಿನಲ್ಲಿದೆ. ಫರ್ಮ್‌ವೇರ್ ಬರೆಯುವವರು ಚಿಪ್ ಕಂಪನಿಯವರು. ಅದರ ಮೂಲ ಕೋಡ್ ಅವರು ಸಾಮಾನ್ಯವಾಗಿ ಹೊರಗೆ ಕೊಡುವುದಿಲ್ಲ. ಕೆಲವರು "ಕೋಡ್ ಕೊಡುವುದಿಲ್ಲ, ಆದರೆ ಫೈಲನ್ನು ಯಾರು ಬೇಕಾದರೂ ಹಂಚಬಹುದು" ಎಂದು ಅನುಮತಿ ಕೊಟ್ಟಿದ್ದಾರೆ. ಇನ್ನು ಕೆಲವು ಹಳೆಯ ಚಿಪ್‌ಗಳಿಗೆ ಆ ಅನುಮತಿಯೂ ಇಲ್ಲ. ಡೆಬಿಯನ್‌ನಂಥ ಲಿನಕ್ಸ್ ವಿತರಣೆ ಮುಕ್ತ ತಂತ್ರಾಂಶವನ್ನು ಮಾತ್ರ ಕೊಡುತ್ತೇವೆಂದು ಬಳಕೆದಾರರಿಗೆ ಮಾತು ಕೊಟ್ಟು ನಡೆದುಕೊಂಡು ಬಂದದ್ದು. ಹಾಗಾಗಿ ವರ್ಷಗಟ್ಟಲೆ ಅದರ ಅಧಿಕೃತ ಇನ್‌ಸ್ಟಾಲರಿನಲ್ಲಿ ಮುಚ್ಚಿದ ಫರ್ಮ್‌ವೇರ್ ಇರಲೇ ಇಲ್ಲ. 2022ರಲ್ಲಿ ಡೆಬಿಯನ್ನಿನ ಸದಸ್ಯರು ಮತ ಹಾಕಿ ಈ ನಿಯಮವನ್ನು ಸಡಿಲಿಸಿದರು. 2023ರ ಜೂನ್ 10ರಂದು ಬಂದ ಡೆಬಿಯನ್ 12ರಿಂದ ಹಂಚಲು ಅನುಮತಿ ಇರುವ ಫರ್ಮ್‌ವೇರ್ ಇನ್‌ಸ್ಟಾಲರಿನ ಜೊತೆಗೇ ಬರುತ್ತಿದೆ. ಇದು ಒಳ್ಳೆಯ ತೀರ್ಮಾನ ಎಂದು ನಾನು ನಂಬುತ್ತೇನೆ. ಸಿದ್ಧಾಂತದ ಪರ ವಾದಿಸಿದವರ ಮೇಲೂ ನನಗೆ ಗೌರವವಿದೆ. ಅವರ ಹಟ ಇಲ್ಲದಿದ್ದರೆ ಕಂಪನಿಗಳು ಈಗ ಬಂದಷ್ಟು ದಾರಿಗೂ ಬರುತ್ತಿರಲಿಲ್ಲ. ಆದರೆ ಹಾಸನದ ಹುಡುಗಿಗೆ ಮೊದಲು ಇಂಟರ್ನೆಟ್ ಬರಬೇಕು. ವಾದ ಆಮೇಲೆ ಅವಳೂ ಕಲಿಯುತ್ತಾಳೆ.

ಇನ್ನು ಕೆಲಸಕ್ಕೆ ಬರೋಣ. ಇಂಟರ್ನೆಟ್ ಬರಿಸಲು ಬೇಕಾದ ಫೈಲ್ ಇಂಟರ್ನೆಟ್ಟಿನಲ್ಲೇ ಇದೆ ಎಂಬುದು ಇಲ್ಲಿನ ಮೊದಲ ತೊಡಕು. ಅದಕ್ಕೆ ನಿಮ್ಮ ಜೇಬಿನಲ್ಲೇ ಪರಿಹಾರವಿದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ವಿಭಾಗಕ್ಕೆ ಹೋಗಿ 'ಯುಎಸ್‌ಬಿ ಟೆಥರಿಂಗ್' ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿಯುತ್ತದೆ. ಯಾವ ಹೆಚ್ಚುವರಿ ಡ್ರೈವರೂ ಬೇಡ, ಕೆಲವೇ ಕ್ಷಣಗಳಲ್ಲಿ ನೆಟ್ ಬರುತ್ತದೆ. ಕೇಬಲ್ ಮಾತ್ರ ಡೇಟಾ ಹಾಯುವಂಥದ್ದಾಗಿರಬೇಕು; ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್ ಇಲ್ಲಿ ಉಪಯೋಗಕ್ಕೆ ಬಾರದು. ಮನೆಯಲ್ಲಿ ರೂಟರ್ ಇದ್ದು ಲ್ಯಾಪ್‌ಟಾಪಿಗೆ ಈಥರ್ನೆಟ್ ಕಿಂಡಿ ಇದ್ದರೆ ಲ್ಯಾನ್ ಕೇಬಲ್ ಹಾಕಿಕೊಳ್ಳಿ, ಇನ್ನೂ ಒಳ್ಳೆಯದು.

ಎರಡನೆಯದು, ಕಾರ್ಡು ಯಾವುದು ಎಂದು ಯಂತ್ರವನ್ನೇ ಕೇಳುವುದು. ಲ್ಯಾಪ್‌ಟಾಪಿನ ಬೆನ್ನ ಮೇಲಿನ ಸ್ಟಿಕ್ಕರ್ ನಂಬಬೇಡಿ, ಮಾಡೆಲ್ ಹೆಸರನ್ನೂ ನಂಬಬೇಡಿ. ಒಂದೇ ಮಾಡೆಲ್ಲಿನಲ್ಲಿ ಬೇರೆ ಬೇರೆ ತಿಂಗಳು ಬೇರೆ ಬೇರೆ ಕಾರ್ಡ್ ಹಾಕಿ ಮಾರುವುದು ಮಾಮೂಲು. ಟರ್ಮಿನಲ್ ತೆರೆದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ 'ಎಲ್‌ಎಸ್‌ಪಿಸಿಐ' ಎಂದು ಒತ್ತಿ, ಒಂದು ಜಾಗ ಬಿಟ್ಟು, ಹೈಫನ್ ಹಾಕಿ 'ಎನ್‌ಎನ್‌ಕೆ' ಎಂದು ಸೇರಿಸಿ ಎಂಟರ್ ಒತ್ತಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂದಿರುವ ಸಾಲು ಹುಡುಕಿ. ಸಾಲಿನ ಕೊನೆಗೆ ಚೌಕ ಆವರಣದಲ್ಲಿ 14ಇ4:4315 ಎಂಬಂಥ ಒಂದು ಸಂಖ್ಯೆ ಇರುತ್ತದೆ. ಕೆಎ 13 ಎಂದು ಕಂಡ ಕೂಡಲೇ ಹಾಸನದ ಗಾಡಿ ಎಂದು ನಮಗೆ ಗೊತ್ತಾಗುವ ಹಾಗೆ, ಇಲ್ಲಿನ ಮೊದಲರ್ಧ ಕಂಪನಿಯನ್ನು ಹೇಳುತ್ತದೆ, ಉಳಿದರ್ಧ ಚಿಪ್ ಯಾವುದೆಂದು ಹೇಳುತ್ತದೆ. 14ಇ4 ಬ್ರಾಡ್‌ಕಾಮ್. 10ಇಸಿ ರಿಯಲ್‌ಟೆಕ್. 168ಸಿ ಅಥೆರೋಸ್. ಇಂಟೆಲ್‌ನದು 8086, 1978ರಲ್ಲಿ ಅವರು ಹೊರತಂದ ಪ್ರೊಸೆಸರಿನ ಸಂಖ್ಯೆಯೇ ಅದು. ಅದೇ ಸಾಲಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಮಾತು ಇದೆಯೇ ನೋಡಿ. ಇದ್ದರೆ ಡ್ರೈವರ್ ಕಾರ್ಡನ್ನು ಕೈಗೆತ್ತಿಕೊಂಡಿದೆ. ಇಲ್ಲದಿದ್ದರೆ ಡ್ರೈವರೇ ಸಿಕ್ಕಿಲ್ಲ. ಯುಎಸ್‌ಬಿ ಡಾಂಗಲ್ ಆದರೆ ಕೇಳಬೇಕಾದ ಆದೇಶ 'ಎಲ್‌ಎಸ್‌ಯುಎಸ್‌ಬಿ'.

ಹೆಸರಿಗಿಂತ ಸಂಖ್ಯೆಯೇ ಮುಖ್ಯ ಎಂದು ನಾನು ಹಟ ಹಿಡಿಯಲು ಕಾರಣವಿದೆ. ಬ್ರಾಡ್‌ಕಾಮ್‌ನ ಬಿಸಿಎಂ4312 ಎಂಬ ಚಿಪ್ಪಿನ ಸಂಖ್ಯೆ 14ಇ4:4315. ಆದರೆ 14ಇ4:4312 ಎಂಬ ಸಂಖ್ಯೆ ಇರುವುದು ಬಿಸಿಎಂ4311 ಎಂಬ ಇನ್ನೊಂದು ಚಿಪ್ಪಿಗೆ! "ನನ್ನದು 4312" ಎಂದು ಒಬ್ಬರು ಹೇಳಿದರೆ ಅದು ಹೆಸರೋ ಸಂಖ್ಯೆಯೋ ಎಂದು ಕೇಳದೆ ಮುಂದೆ ಹೋಗುವಂತಿಲ್ಲ. ಇವೆರಡೂ ಕೇಳುವ ಫರ್ಮ್‌ವೇರ್ ಫೈಲ್ ಬೇರೆ ಬೇರೆ.

ಈಗ ನನ್ನ ಮೇಜಿನ ಮೇಲೆ ಬಿಸಿಎಂ4312 ಇರುವ, 2009ರ ಸುಮಾರಿನ ಒಂದು ಲ್ಯಾಪ್‌ಟಾಪ್ ಇದೆ. ಹೊಸದಾಗಿ ಲಿನಕ್ಸ್ ಹಾಕಿದ್ದು, ವೈಫೈ ಇಲ್ಲ. ಕಾರ್ಡಿಗೆ ಏನಾಗಿದೆ ಎಂದು ತಿಳಿಯಲು 'ಡಿಮೆಸ್ಸೇಜ್' ಎಂಬ ಆದೇಶವಿದೆ. ಬರೆಯುವಾಗ ಡಿಎಂಇಎಸ್‌ಜಿ ಎಂಬ ಐದಕ್ಷರ. ಆನ್ ಆದ ಗಳಿಗೆಯಿಂದ ಕರ್ನಲ್ ಬರೆದಿಟ್ಟ ದಿನಚರಿಯನ್ನು ಅದು ತೋರಿಸುತ್ತದೆ. ಅದರಲ್ಲಿ ಫರ್ಮ್‌ವೇರ್ ಎಂಬ ಪದ ಹುಡುಕಿದಾಗ ಈ ಯಂತ್ರದಲ್ಲಿ ಸಿಕ್ಕಿದ ಸಾಲಿನ ಸಾರಾಂಶ ಇಷ್ಟು: ಬಿ43 ಡ್ರೈವರ್ 'ಯುಕೋಡ್15' ಎಂಬ ಫೈಲ್ ಕೇಳಿತು, ಸಿಗಲಿಲ್ಲ. ಎಷ್ಟು ಸ್ಪಷ್ಟವಾದ ಮಾತು! ಕಾರ್ಡ್ ಇದೆ, ಡ್ರೈವರ್ ಅದನ್ನು ಗುರುತು ಹಿಡಿದಿದೆ, ಬೇಕಾದ ಫೈಲಿನ ಹೆಸರನ್ನೂ ಹೇಳಿದೆ. ಇಂಥ ಸಾಲುಗಳ ಕೊನೆಗೆ ಮೈನಸ್ 2 ಎಂದು ಕಂಡರೆ 'ಅಂಥ ಫೈಲ್ ಇಲ್ಲ' ಎಂದೇ ಅರ್ಥ. ಇಂಟೆಲ್ ಕಾರ್ಡುಗಳಲ್ಲಿ ಇದೇ ಬಗೆಯ ಕೆಂಪು ಸಾಲುಗಳು ಒಂದರ ಕೆಳಗೊಂದು ಬಂದು ಕೆಲವರನ್ನು ಹೆದರಿಸುತ್ತವೆ. ಆ ಡ್ರೈವರ್ ಅತಿ ಹೊಸ ಫರ್ಮ್‌ವೇರಿನಿಂದ ಶುರುಮಾಡಿ, ಸಿಗದಿದ್ದರೆ ಅದರ ಹಿಂದಿನದು, ಅದೂ ಸಿಗದಿದ್ದರೆ ಅದರ ಹಿಂದಿನದು ಎಂದು ಇಳಿಯುತ್ತಾ ಹೋಗುತ್ತದೆ. ಕೊನೆಗೆ ಒಂದು ಸಿಕ್ಕಿದರೆ ಮೇಲಿನ ಕೆಂಪು ಸಾಲುಗಳಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಬಿಸಿಎಂ4312ಕ್ಕೆ ಬೇಕಾದ ಫೈಲನ್ನು ಹಂಚಲು ಯಾರಿಗೂ ಅನುಮತಿ ಇಲ್ಲ. ಡೆಬಿಯನ್ 12ರ ಉದಾರತೆಯೂ ಇದಕ್ಕೆ ತಲುಪುವುದಿಲ್ಲ. ಹಾಗಾದರೆ ಏನು ಮಾಡುತ್ತಾರೆ? 'ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್' ಎಂಬ ಪ್ಯಾಕೇಜ್ ಇದೆ. ಡೆಬಿಯನ್ನಿನಲ್ಲಿ 'ಕಾಂಟ್ರಿಬ್' ವಿಭಾಗವನ್ನೂ ಉಬುಂಟುವಿನಲ್ಲಿ 'ಮಲ್ಟಿವರ್ಸ್' ವಿಭಾಗವನ್ನೂ ತೆರೆದುಕೊಂಡರೆ ಅದು ಸಿಗುತ್ತದೆ. ಅದರೊಳಗೆ ಫರ್ಮ್‌ವೇರ್ ಇರುವುದಿಲ್ಲ. ಇನ್‌ಸ್ಟಾಲ್ ಮಾಡುವ ಹೊತ್ತಿಗೆ ಅದು ನೆಟ್‌ನಿಂದ ಬ್ರಾಡ್‌ಕಾಮ್‌ನ ಮುಚ್ಚಿದ ಡ್ರೈವರ್ ಕಟ್ಟನ್ನು ನಿಮ್ಮ ಯಂತ್ರಕ್ಕೆ ಇಳಿಸುತ್ತದೆ. ಆಮೇಲೆ 'ಬಿ43-ಎಫ್‌ಡಬ್ಲ್ಯೂಕಟರ್' ಎಂಬ ಸಲಕರಣೆ ಆ ಕಟ್ಟಿನ ಹೊಟ್ಟೆಯೊಳಗೆ ಫರ್ಮ್‌ವೇರ್ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ತಿಳಿದು ಅಷ್ಟನ್ನೇ ಕತ್ತರಿಸಿ, ತುಂಡುಗಳನ್ನು ಲಿಬ್-ಫರ್ಮ್‌ವೇರ್ ಫೋಲ್ಡರಿನಲ್ಲಿ ಬಿ43 ಎಂಬ ಹೊಸ ಫೋಲ್ಡರ್ ಮಾಡಿ ಜೋಡಿಸಿಡುತ್ತದೆ. ಫೋನಿನ ಟೆಥರಿಂಗ್ ಮೊದಲೇ ಬೇಕು ಎಂದದ್ದು ಇದಕ್ಕೇ. ಆಮೇಲೆ ಡ್ರೈವರನ್ನು 'ಮಾಡ್‌ಪ್ರೋಬ್' ಆದೇಶದಿಂದ ಒಮ್ಮೆ ಇಳಿಸಿ ಮತ್ತೆ ಏರಿಸಿದರೆ ಸಾಕು, ಯಂತ್ರ ಆರಿಸಿ ಹಚ್ಚಿದರೂ ಆಯಿತು. ಮೂಲೆಯಲ್ಲಿ ವೈಫೈ ಗುರುತು ಬರುತ್ತದೆ, ಒತ್ತಿದರೆ ಅಕ್ಕಪಕ್ಕದ ಮನೆಗಳ ರೂಟರುಗಳ ಹೆಸರೆಲ್ಲ ಸಾಲಾಗಿ ಕಾಣುತ್ತವೆ. ಆಗ ಪಕ್ಕದಲ್ಲಿ ಕೂತ ಮಕ್ಕಳ ಮುಖ ನೋಡಬೇಕು. ಪಾಸ್‌ವರ್ಡ್ ಹಾಕುವಾಗ ಕೀಬೋರ್ಡ್ ಕನ್ನಡಕ್ಕೆ ತಿರುಗಿಲ್ಲವಷ್ಟೇ ಎಂದು ಒಮ್ಮೆ ನೋಡಿಕೊಳ್ಳಿ. ಅಲ್ಲಿ ಅಕ್ಷರಗಳು ಚುಕ್ಕಿಗಳಾಗಿ ಕಾಣುವುದರಿಂದ ಗೊತ್ತೇ ಆಗುವುದಿಲ್ಲ.

ಈ ಬಿ43 ಎಂಬ ಡ್ರೈವರ್ ಹೇಗೆ ಹುಟ್ಟಿತು ಎಂಬುದನ್ನು ಪ್ರತಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೂ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಲ್ಯಾಪ್‌ಟಾಪುಗಳಲ್ಲಿ ಬ್ರಾಡ್‌ಕಾಮ್ ಚಿಪ್ ತುಂಬಾ ಸಾಮಾನ್ಯವಾಗಿತ್ತು. ಲ್ಯಾಪ್‌ಟಾಪಿಗೆ ಲಿನಕ್ಸ್ ಡ್ರೈವರ್ ಇರಲಿಲ್ಲ, ಚಿಪ್ ಹೇಗೆ ಕೆಲಸ ಮಾಡುತ್ತದೆ ಎಂಬ ದಾಖಲೆಯೂ ಹೊರಗೆ ಸಿಗುತ್ತಿರಲಿಲ್ಲ. ಅದೇ ಕಾಲಕ್ಕೆ ಅದೇ ಕಂಪನಿಯ ಚಿಪ್ ಹಾಕಿದ ಮನೆಬಳಕೆಯ ರೂಟರುಗಳು ಒಳಗೊಳಗೆ ಲಿನಕ್ಸ್‌ನಲ್ಲೇ ಓಡುತ್ತಿದ್ದವು. ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ಎಂಬ ನೀಲಿ-ಕಪ್ಪು ಡಬ್ಬಿ ಅವುಗಳಲ್ಲಿ ಹೆಸರುವಾಸಿ. ಅಲ್ಲಿನ ಡ್ರೈವರ್ ಮುಚ್ಚಿದ ಫೈಲ್. ಲ್ಯಾಪ್‌ಟಾಪಿನವರಿಗೆ ಉಳಿದದ್ದು 'ಎನ್‌ಡಿಐಎಸ್‌ರ‍್ಯಾಪರ್' ಎಂಬ ಸುತ್ತುಬಳಸಿನ ದಾರಿ: ವಿಂಡೋಸ್ ಎಕ್ಸ್‌ಪಿಯ ಡ್ರೈವರನ್ನೇ ತಂದು, "ನೀನು ವಿಂಡೋಸಿನಲ್ಲೇ ಇದ್ದೀಯ" ಎಂದು ಅದಕ್ಕೆ ಭ್ರಮೆ ಹುಟ್ಟಿಸಿ ಲಿನಕ್ಸಿನೊಳಗೆ ಓಡಿಸುವುದು. ಕೆಲಸವೇನೋ ಆಗುತ್ತಿತ್ತು. ಆದರೆ ಒಳಗೆ ತಪ್ಪಾದರೆ ತಿದ್ದುವ ಹಕ್ಕು ಯಾರಿಗೂ ಇರಲಿಲ್ಲ.

ಕೆಲವರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಅವರು ಎರಡು ಗುಂಪಾದರು. ಒಂದು ಗುಂಪಿನವರು ಮುಚ್ಚಿದ ಡ್ರೈವರನ್ನು ಬಿಡಿಬಿಡಿಯಾಗಿ ಬಿಚ್ಚಿ ಓದಿದರು. ಈ ರಿಜಿಸ್ಟರಿಗೆ ಈ ಸಂಖ್ಯೆ ಬರೆದರೆ ರೇಡಿಯೋ ಹೀಗೆ ನಡೆದುಕೊಳ್ಳುತ್ತದೆ, ಚಾನೆಲ್ ಬದಲಿಸಲು ಈ ಕ್ರಮ, ಶಕ್ತಿ ಹೆಚ್ಚು ಕಡಿಮೆ ಮಾಡಲು ಈ ಲೆಕ್ಕ ಎಂದು ಕಂಡದ್ದನ್ನೆಲ್ಲ ಸಾದಾ ಇಂಗ್ಲಿಷಿನಲ್ಲಿ ಬರೆದಿಟ್ಟರು. ಒಂದು ಸಾಲು ಕೋಡನ್ನೂ ನಕಲು ಮಾಡಲಿಲ್ಲ. ಎರಡನೆಯ ಗುಂಪಿನವರು ಮೂಲ ಡ್ರೈವರಿನ ಮುಖವನ್ನೇ ನೋಡದೆ, ಆ ವಿವರಣೆಯನ್ನಷ್ಟೇ ಓದಿ ಹೊಸದಾಗಿ ಡ್ರೈವರ್ ಬರೆದರು. ನಕಲು ಮಾಡಿದರೆಂಬ ಆರೋಪ ಯಾರೂ ಹೊರಿಸದ ಹಾಗೆ ಈ ಗೋಡೆ. ಬರೆದವರಲ್ಲಿ ಮುಂದೆ ನಿಂತವನು ಮಿಖಾಯೆಲ್ ಬ್ಯೂಶ್ ಎಂಬ ಜರ್ಮನ್. ಹೀಗೆ ಹುಟ್ಟಿದ ಡ್ರೈವರ್ 2006ರ ಜೂನ್‌ನಲ್ಲಿ 2.6.17 ಕರ್ನಲ್ಲಿಗೆ ಸೇರಿತು. ಮತ್ತೆ ಹೊಸ ಅಡಿಪಾಯದ ಮೇಲೆ ಬರೆಸಿಕೊಂಡು 2008ರ ಜನವರಿಯ 2.6.24ರಲ್ಲಿ ಬಿ43 ಆಯಿತು. ಇಟಲಿಯ ಬ್ರೆಶಿಯಾ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೆಲವು ಹಳೆಯ ಬ್ರಾಡ್‌ಕಾಮ್ ಚಿಪ್‌ಗಳಿಗೆ ಫರ್ಮ್‌ವೇರನ್ನೇ ಮುಕ್ತವಾಗಿ ಬರೆದು ಕೊಟ್ಟರು. 2010ರ ಸೆಪ್ಟೆಂಬರಿನಲ್ಲಿ ಬ್ರಾಡ್‌ಕಾಮ್ ತಾನೇ ಮುಂದೆ ಬಂದು ಹೊಸ ಚಿಪ್‌ಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು.

ಅಥೆರೋಸ್ ಕಥೆ ಇನ್ನೂ ಸಿಹಿಯಾಗಿ ಮುಗಿಯಿತು. ಅದರ ಡ್ರೈವರಿನ ನಡುವೆಯೂ ಒಂದು ಮುಚ್ಚಿದ ತುಂಡು ಇತ್ತು. ಓಪನ್‌ಬಿಎಸ್‌ಡಿ ಎಂಬ ಸೋದರ ವ್ಯವಸ್ಥೆಯ ರೈಕ್ ಫ್ಲೋಟರ್ ಅದನ್ನು ಅಧ್ಯಯನ ಮಾಡಿ ಮುಕ್ತ ಬದಲಿಯನ್ನು ಬರೆದ. ಅದರ ಬುನಾದಿಯ ಮೇಲೆ ಲಿನಕ್ಸಿನ ಎಟಿಎಚ್5ಕೆ ಡ್ರೈವರ್ 2008ರಲ್ಲಿ ಬಂತು. ಅದೇ ವರ್ಷ ಕಂಪನಿ ಮನಸ್ಸು ಬದಲಿಸಿ ಎಟಿಎಚ್9ಕೆ ಎಂಬ ಡ್ರೈವರನ್ನು ತಾನೇ ಕೊಟ್ಟಿತು. ಈ ಎರಡೂ ಡ್ರೈವರುಗಳು ನಡೆಸುವ, ಲ್ಯಾಪ್‌ಟಾಪಿನೊಳಗಿನ ಕಾರ್ಡುಗಳಿಗೆ ಹೊರಗಿನ ಫರ್ಮ್‌ವೇರ್ ಫೈಲೇ ಬೇಡ. ಆ ಕಾಲದ ಅಥೆರೋಸ್ ಕಾರ್ಡಿರುವ ಲ್ಯಾಪ್‌ಟಾಪ್ ಕೈಗೆ ಬಂದರೆ ಆ ದಿನ ನನಗೆ ಕೆಲಸವೇ ಇರುವುದಿಲ್ಲ. ಓಪನ್‌ಬಿಎಸ್‌ಡಿಯ ಮುಖ್ಯಸ್ಥ ಥಿಯೋ ಡಿ ರಾಟ್‌ಗೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2004ರ ಪ್ರಶಸ್ತಿ ಕೊಟ್ಟದ್ದಕ್ಕೂ, ವೈರ್‌ಲೆಸ್ ಕಾರ್ಡುಗಳ ದಾಖಲೆ ಮತ್ತು ಡ್ರೈವರುಗಳಿಗಾಗಿ ಆತ ಕಂಪನಿಗಳ ಬೆನ್ನು ಹತ್ತಿದ್ದು ಒಂದು ಮುಖ್ಯ ಕಾರಣ.

ಇವರೆಲ್ಲರಲ್ಲಿ ನನಗೆ ಹತ್ತಿರದವನೆನಿಸುವುದು ಅಮೆರಿಕದ ಲ್ಯಾರಿ ಫಿಂಗರ್. ವೃತ್ತಿಯಿಂದ ಆತ ಹರಳುಗಳ ಒಳರಚನೆಯನ್ನು ಅಧ್ಯಯನ ಮಾಡುವ ವಿಜ್ಞಾನಿ, ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಭೂಭೌತ ಪ್ರಯೋಗಾಲಯದಲ್ಲಿ ಇದ್ದವನು. ಎಲ್ ಸಾಲ್ವಡಾರ್ ದೇಶದ ಇಸಾಲ್ಕೊ ಜ್ವಾಲಾಮುಖಿಯಲ್ಲಿ ಸಿಕ್ಕ ಒಂದು ತಾಮ್ರ-ವನಾಡಿಯಂ ಖನಿಜಕ್ಕೆ ಆತನ ಗೌರವಾರ್ಥ ಫಿಂಗರೈಟ್ ಎಂದು ಹೆಸರಿಟ್ಟಿದ್ದಾರೆ. ಅಷ್ಟೆಲ್ಲ ಮಾಡಿ ನಿವೃತ್ತನಾದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಆತ ಬ್ರಾಡ್‌ಕಾಮ್ ಡ್ರೈವರಿನ ಕೆಲಸಕ್ಕೆ ಕೈಹಾಕಿದ. ಮುಂದೆ ರಿಯಲ್‌ಟೆಕ್ ಕಾರ್ಡುಗಳ ಡ್ರೈವರುಗಳಿಗೂ ಆತನೇ ದಿಕ್ಕಾದ. ಕರ್ನಲ್ಲಿಗೆ ಇನ್ನೂ ಸೇರದ ಡ್ರೈವರುಗಳನ್ನು ಹಳೆಯ ಕರ್ನಲ್ ಇರುವವರೂ ಬಳಸುವ ಹಾಗೆ ತಿದ್ದಿ ತನ್ನ ಪುಟದಲ್ಲಿ ಇಡುತ್ತಿದ್ದ, ಕೇಳಿದವರಿಗೆ ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದ. 2024ರ ಜೂನ್‌ನಲ್ಲಿ ತೀರಿಕೊಂಡ. ಆತ ತಿದ್ದಿಟ್ಟ ಡ್ರೈವರಿನಿಂದಲೇ ನನ್ನ ಮೇಜಿನ ಮೇಲೆ ಎಷ್ಟೋ ಲ್ಯಾಪ್‌ಟಾಪುಗಳು ನೆಟ್ ಕಂಡಿವೆ. ನಿವೃತ್ತಿಯ ಮೇಲೆ ಏನು ಮಾಡುವುದು ಎಂದು ಯೋಚಿಸುತ್ತಿರುವ ನನ್ನ ಸಹೋದ್ಯೋಗಿಗಳಿಗೆ ನಾನು ಆತನ ಹೆಸರು ಹೇಳುತ್ತೇನೆ.

ಮತ್ತೆ ಮೇಜಿಗೆ ಬರೋಣ. ಬ್ರಾಡ್‌ಕಾಮ್ ಕಾರ್ಡಿಗೆ ಇನ್ನೊಂದು ದಾರಿಯೂ ಇದೆ, ಕಂಪನಿಯೇ ಕೊಟ್ಟ 'ಡಬ್ಲ್ಯೂಎಲ್' ಎಂಬ ಅರೆಮುಚ್ಚಿದ ಡ್ರೈವರ್. 2013ರಿಂದ 2015ರ ಸುಮಾರಿನ ಕೆಲವು ಮ್ಯಾಕ್‌ಬುಕ್‌ಗಳಲ್ಲಿರುವ ಬಿಸಿಎಂ4360ಕ್ಕೆ, ಅಂದರೆ 14ಇ4:43ಎ0 ಸಂಖ್ಯೆಯದಕ್ಕೆ, ಇದೇ ಗತಿ. ಬಿ43 ಸಾಕಾಗುವ ಕಡೆ ಡಬ್ಲ್ಯೂಎಲ್ ಹಾಕಬೇಡಿ ಎಂಬುದು ನನ್ನ ಖಡಾಖಂಡಿತ ಸಲಹೆ. ಕಂಪನಿಯ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ. ಅಲ್ಲಿಂದೀಚೆಗೆ ಪ್ರತಿ ಹೊಸ ಕರ್ನಲ್ಲಿಗೂ ವಿತರಣೆಯವರೇ ತೇಪೆ ಹಾಕಿ ಓಡಿಸುತ್ತಿದ್ದಾರೆ. ಕರ್ನಲ್ ಅಪ್‌ಡೇಟ್ ಆದ ಮರುದಿನ ವೈಫೈ ಮಾಯವಾಯಿತು ಎಂದು ಬರುವವರಲ್ಲಿ ಡಬ್ಲ್ಯೂಎಲ್ ಹಾಕಿದವರೇ ಹೆಚ್ಚು. ಎರಡನ್ನೂ ಒಟ್ಟಿಗೆ ಹಾಕುವುದಂತೂ ಬೇಡವೇ ಬೇಡ; ಡಬ್ಲ್ಯೂಎಲ್ ಪ್ಯಾಕೇಜ್ ಬಂದ ಕೂಡಲೇ ಬಿ43ಯನ್ನು ನಿಷೇಧದ ಪಟ್ಟಿಗೆ ಸೇರಿಸಿಬಿಡುತ್ತದೆ. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಇನ್ನೊಂದು ತೊಡಕು: ಹೊರಗಿನಿಂದ ಬಂದ ಡ್ರೈವರಿಗೆ ನಂಬಿಕಸ್ಥರ ಸಹಿ ಬೇಕು. ಉಬುಂಟು ಅದಕ್ಕೆ ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಮುಂದಿನ ಸಲ ಆನ್ ಮಾಡಿದಾಗ ನೀಲಿ ಪರದೆ ಬಂದು ಕೆಲವು ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರೊಳಗೆ ಒಂದು ಕೀಲಿ ಒತ್ತಿ 'ಎನ್‌ರೋಲ್' ಆಯ್ದು ಆ ಪಾಸ್‌ವರ್ಡ್ ಕೊಡಬೇಕು. ಟೀ ತರಲು ಎದ್ದುಹೋದರೆ ಪರದೆ ಹೋಗಿರುತ್ತದೆ, ಡ್ರೈವರ್ ಇದ್ದೂ ಇಲ್ಲದಂತಾಗುತ್ತದೆ.

ಫೈಲೂ ಇದೆ, ಡ್ರೈವರೂ ಇದೆ, ಆದರೂ ಬರುತ್ತಿಲ್ಲ ಎಂದಾದರೆ 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಕೇಳಿ. ರೇಡಿಯೋವನ್ನು ಯಾರು ತಡೆದಿದ್ದಾರೆ ಎಂದು ಅದು ಹೇಳುತ್ತದೆ. 'ಸಾಫ್ಟ್ ಬ್ಲಾಕ್ಡ್' ಎದುರು 'ಯೆಸ್' ಎಂದಿದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಎಂದರೆ ಮುಗಿಯಿತು. 'ಹಾರ್ಡ್ ಬ್ಲಾಕ್ಡ್' ಎದುರು 'ಯೆಸ್' ಎಂದಿದ್ದರೆ ಯಾವ ಆದೇಶಕ್ಕೂ ಜಗ್ಗದು, ಅದು ನಿಜವಾದ ಸ್ವಿಚ್. ಹಳೆಯ ಲ್ಯಾಪ್‌ಟಾಪುಗಳ ಮುಂದಿನ ಅಂಚಿನಲ್ಲೋ ಪಕ್ಕದಲ್ಲೋ ಉಗುರಿನಿಂದ ಜಾರಿಸುವ ಒಂದು ಗುಂಡಿ ಇರುತ್ತದೆ. ಬ್ಯಾಗಿನೊಳಗೆ ಹಾಕುವಾಗಲೇ ಅದು ಜಾರಿರುತ್ತದೆ. ಆ ಸ್ವಿಚ್ಚೇ ಮುರಿದಿದ್ದರೂ ಉಪಾಯವಿದೆ. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿ ರೇಡಿಯೋ ಆರಿಸುವ ಸಂಕೇತ ಬರುವುದು 20ನೆಯ ಪಿನ್ನಿನಿಂದ. ಬ್ಯಾಟರಿ ತೆಗೆದು, ಕಾರ್ಡ್ ಹೊರಗೆಳೆದು, ಆ ಒಂದೇ ಪಿನ್ನಿನ ಮೇಲೆ ಕಡ್ಡಿಯಗಲದ ಟೇಪ್ ಅಂಟಿಸಿದರೆ ಮುರಿದ ಸ್ವಿಚ್ಚಿನ ಮಾತು ಕಾರ್ಡಿಗೆ ತಲುಪುವುದಿಲ್ಲ. ಅಂಚಿನ ಬಂಗಾರದ ಗೆರೆಗಳ ನಡುವಿನ ಅಂತರ ಒಂದು ಮಿಲಿಮೀಟರಿಗೂ ಕಡಿಮೆ, ಆದ್ದರಿಂದ ಭೂತಗನ್ನಡಿ, ಚಿಮಟ, ಒಳ್ಳೆಯ ಬೆಳಕು ಬೇಕು. ಮಕ್ಕಳಿಗೆ ಈ ಕೆಲಸ ನನಗಿಂತ ಚೆನ್ನಾಗಿ ಬರುತ್ತದೆ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದರೆ ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿ. ಅದು ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ದೆಯಲ್ಲಿ ಬಿಡುತ್ತದೆ, ಲಿನಕ್ಸ್ ಬಂದಾಗ ಕಾರ್ಡ್ ಮಾತಾಡದೆ ಕೂರುವುದುಂಟು.

ಹೊಸ ಲ್ಯಾಪ್‌ಟಾಪುಗಳ ರೋಗ ಬೇರೆ. ಅಲ್ಲಿ ಕೊರತೆ ಇರುವುದು ಬಹುಪಾಲು ಡ್ರೈವರಿನದು, ಮದ್ದು ಹೊಸ ಕರ್ನಲ್. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಬರುವ ರಿಯಲ್‌ಟೆಕ್ 8852ಬಿಇ ಎಂಬ ಕಾರ್ಡನ್ನೇ ನೋಡಿ. ಅದಕ್ಕೆ ಕರ್ನಲ್ಲಿನೊಳಗೆ ಜಾಗ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ ಬಂದ 6.2ರಲ್ಲಿ. ಅದಕ್ಕಿಂತ ಹಳೆಯ ಕರ್ನಲ್ ಇರುವ ಪೆನ್‌ಡ್ರೈವ್ ಹಿಡಿದು ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಬರುವುದಿಲ್ಲ. 'ಯುನೇಮ್' ಬರೆದು, ಜಾಗ ಬಿಟ್ಟು, ಹೈಫನ್ ಆರ್ ಸೇರಿಸಿದರೆ ನಿಮ್ಮ ಕರ್ನಲ್ ಯಾವುದೆಂದು ತಿಳಿಯುತ್ತದೆ. ಹೊಸ ಯಂತ್ರಕ್ಕೆ ವಿತರಣೆಯ ಇತ್ತೀಚಿನ ಆವೃತ್ತಿಯನ್ನೇ ಹಾಕಿ, ಗೆಳೆಯ ಮೂರು ವರ್ಷದ ಹಿಂದೆ ಕೊಟ್ಟ ಪೆನ್‌ಡ್ರೈವಿನಿಂದ ಅಲ್ಲ.

ಯಾವುದಕ್ಕೂ ಬಗ್ಗದಿದ್ದರೆ ಕಾರ್ಡ್ ಬದಲಿಸಬಹುದು. ಅನೇಕ ಲ್ಯಾಪ್‌ಟಾಪುಗಳಲ್ಲಿ ಅದು ಒಂದೆರಡು ಸ್ಕ್ರೂ, ಎರಡು ತಂತಿಯ ಕೆಲಸ. ಹಳೆಯ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಜಾಗಕ್ಕೆ ಎಟಿಎಚ್9ಕೆ ಡ್ರೈವರಿನ ಅಥೆರೋಸ್ ಕಾರ್ಡ್ ಹುಡುಕಿ. ಹೊಸ ಎಂ.2 ಜಾಗಕ್ಕೆ ಇಂಟೆಲ್ ಎಎಕ್ಸ್200 ಒಳ್ಳೆಯದು. ಅದೇ ಹೆಸರಿನ ಹತ್ತಿರದ ಎಎಕ್ಸ್201 ತರಬೇಡಿ, ರೂಪ ಒಂದೇ ಆದರೂ ಅದು ಅದಕ್ಕೆ ತಕ್ಕ ಇಂಟೆಲ್ ಪ್ರೊಸೆಸರಿನ ಜೊತೆ ಮಾತ್ರ ಕೆಲಸ ಮಾಡುತ್ತದೆ. ಕೆಲವು ತಯಾರಕರು ತಾವು ಒಪ್ಪಿದ ಕಾರ್ಡ್ ಬಿಟ್ಟು ಬೇರೆ ಹಾಕಿದರೆ ಯಂತ್ರ ಆನ್ ಆಗದ ಹಾಗೆ ಬಯೋಸ್‌ನಲ್ಲಿ ಕಟ್ಟುಹಾಕಿರುತ್ತಾರೆ. ಹಣ ಕೊಟ್ಟವರ ಯಂತ್ರಕ್ಕೆ ಮಾರಿದವರು ಬೀಗ ಹಾಕುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕೊಳ್ಳುವ ಮೊದಲು ನಿಮ್ಮ ಮಾಡೆಲ್ಲಿಗೆ ಆ ಕಟ್ಟು ಇದೆಯೇ ಎಂದು ವಿಚಾರಿಸಿ. ಡಾಂಗಲ್ಲೇ ಬೇಕೆಂದರೆ ಅಥೆರೋಸ್ ಎಆರ್9271 ಚಿಪ್ಪಿನದು ಕೇಳಿ. ಅದರ ಫರ್ಮ್‌ವೇರಿನ ಮೂಲ ಕೋಡ್ ಕೂಡ ಮುಕ್ತವಾಗಿ ಸಿಗುತ್ತದೆ.

ತಿಳಿದವರ ಸಹಾಯ ಕೇಳುವಾಗ ಮೂರು ವಿಷಯ ಜೊತೆಗೆ ಕಳಿಸಿ: ಚೌಕ ಆವರಣದೊಳಗಿನ ಆ ಸಂಖ್ಯೆ, ಕರ್ನಲ್ ಆವೃತ್ತಿ, ದಿನಚರಿಯಲ್ಲಿ ಫರ್ಮ್‌ವೇರ್ ಎಂದಿರುವ ಸಾಲುಗಳು. ಪರದೆಯ ಫೋಟೋ ಆದರೂ ಸರಿ, ಅಕ್ಷರ ಓದುವಂತಿರಲಿ. ವೈಫೈ ಬಂದ ಮೇಲೆ ಆ ಫರ್ಮ್‌ವೇರ್ ಫೈಲನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಇಟ್ಟುಕೊಳ್ಳಿ. ಕಾರ್ಡಿನ ಸಂಖ್ಯೆಯನ್ನು ಲ್ಯಾಪ್‌ಟಾಪಿನ ತಳದಲ್ಲಿ ಒಂದು ಚೀಟಿಯ ಮೇಲೆ ಬರೆದು ಅಂಟಿಸಿ. ನಾನು ಕೊಡುವ ಪ್ರತಿ ಲ್ಯಾಪ್‌ಟಾಪಿನ ತಳದಲ್ಲೂ ಆ ಚೀಟಿ ಇರುತ್ತದೆ. ನಾಳೆ ಅದು ಕೈ ಬದಲಿಸಿ ಇನ್ಯಾರೋ ಹೊಸದಾಗಿ ಲಿನಕ್ಸ್ ಹಾಕಲು ಕೂತಾಗ ಅವರು ಹುಡುಕಾಡಬೇಕಾಗಿಲ್ಲ.